ಒಂದು ವರ್ಡ್ ಫೈಲ್, 120 ಪ್ರತಿ
ಮಂಡ್ಯದ ನಮ್ಮ ಡಿಟಿಪಿ ಅಂಗಡಿಗೆ ಹಾಲಿನ ಸೊಸೈಟಿಯವರು 120 ಸದಸ್ಯರ ನೋಟಿಸ್ ತರುತ್ತಾರೆ. ಹೆಸರು ಮಾತ್ರ ಬೇರೆ ಬೇರೆ. ಅದಕ್ಕೆ ನಾನು ಪೈಥಾನ್-ಡಾಕ್ಸ್ ಲೈಬ್ರರಿ (ಪೈಥಾನ್ ಪ್ರೋಗ್ರಾಮಿನಿಂದ ವರ್ಡ್ ಫೈಲ್ ತಿದ್ದುವ ಸಾಧನ) ಬಳಸುತ್ತೇನೆ.

ಪ್ಯಾರಾಗಳನ್ನು ಒಂದೊಂದಾಗಿ ಓದಿ ಹೊಸ ಫೈಲಿಗೆ ಹಾಕಲು ಹೋಗಬೇಡಿ. ಟೇಬಲ್, ಹೆಡರ್, ಲೋಗೋ ಎಲ್ಲ ಬಿಟ್ಟುಹೋಗುತ್ತವೆ. ಮೂಲ ಫೈಲಿನಲ್ಲಿ ಹೆಸರಿನ ಜಾಗಕ್ಕೆ ಒಂದು ಗುರುತಿನ ಪದ ಇಟ್ಟಿರಿ. ಆ ಫೈಲನ್ನೇ 'ಡಾಕ್ಯುಮೆಂಟ್' ಆಜ್ಞೆಯಿಂದ ತೆರೆದು, ಗುರುತಿನ ಪದದ ಬದಲು ಸದಸ್ಯರ ಹೆಸರು ಹಾಕಿ, 'ಸೇವ್'ಗೆ ಬೇರೆ ಫೈಲ್ ಹೆಸರು ಕೊಡಿ. ಮೂಲ ಹಾಗೇ ಇರುತ್ತದೆ. ಲೂಪಿನಲ್ಲಿ, ಅಂದರೆ ಒಬ್ಬೊಬ್ಬರಿಗೂ ಇದೇ ಕೆಲಸ ಮರುಕಳಿಸುವಾಗ, ಪ್ರತಿ ಸಲವೂ ಮೂಲವನ್ನೇ ತೆರೆಯಬೇಕು. ಇಲ್ಲದಿದ್ದರೆ ಮೊದಲನೆಯವರ ಹೆಸರೇ ಎಲ್ಲದರಲ್ಲೂ ಬರುತ್ತದೆ.

ಪ್ಯಾರಾದ 'ಟೆಕ್ಸ್ಟ್' ಬದಲಿಸಿದರೆ ಬೋಲ್ಡ್ ಹೋಗುತ್ತದೆ. 'ರನ್' (ಪ್ಯಾರಾದೊಳಗೆ ಒಂದೇ ಶೈಲಿಯಲ್ಲಿರುವ ಅಕ್ಷರಗಳ ತುಂಡು) ಒಳಗೇ ಬದಲಿಸಿ. ಆದರೆ ವರ್ಡ್ ಕೆಲವು ಸಲ ಒಂದೇ ಪದವನ್ನು ಎರಡು ಮೂರು ರನ್ ಆಗಿ ಒಡೆದಿಟ್ಟಿರುತ್ತದೆ. ಆಗ ಹುಡುಕಿದರೂ ಸಿಗಲ್ಲ. ನಾನು ಇಡೀ ಸಂಜೆ ಇದರಲ್ಲೇ ಕಳೆದಿದ್ದೇನೆ. ಮೂಲ ಫೈಲಿನಲ್ಲಿ ಆ ಗುರುತಿನ ಪದವನ್ನು ಅಳಿಸಿ, ನಡುವೆ ತಿದ್ದದೆ ಒಂದೇ ಸಲಕ್ಕೆ ಟೈಪ್ ಮಾಡಿ ನೋಡಿ.