ಬೀಟ್ರೂಟ್ ಬದಿಗಿಡಿ, ಅಟ್ಟದ ಮೇಲಿನ ಬಾಂಡಲೆ ಇಳಿಸಿ

ರಕ್ತ ಕಡಿಮೆಯಿದೆ ಎಂದು ಡಾಕ್ಟರು ಹೇಳಿದ ಮರುದಿನವೇ ಈಗಿನ ಹುಡುಗಿಯರು ಮಾರುಕಟ್ಟೆಗೆ ಹೋಗಿ ಕೆಂಪಗಿರುವುದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬರುತ್ತಾರೆ. ಬೀಟ್ರೂಟ್, ದಾಳಿಂಬೆ, ಕಲ್ಲಂಗಡಿ. ಕೆಂಪು ಒಳಗೆ ಹೋದರೆ ರಕ್ತವಾಗುತ್ತದೆ ಎಂದು ಇವರಿಗೆ ಯಾರು ಹೇಳಿಕೊಟ್ಟರೋ ಕಾಣೆ. ಹಾಗಿದ್ದರೆ ಕುಂಕುಮ ಕದಡಿ ಕುಡಿದರೂ ಸಾಕಿತ್ತಲ್ಲ! ರಕ್ತಕ್ಕೆ ಬೇಕಾದದ್ದು ಕೆಂಪು ಬಣ್ಣವಲ್ಲ, ಕಬ್ಬಿಣದ ಅಂಶ. ನೂರು ಗ್ರಾಂ ಬೀಟ್ರೂಟ್‌ನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ, ದಾಳಿಂಬೆಯಲ್ಲಿ ಅದಕ್ಕಿಂತಲೂ ಕಡಿಮೆ. ತಿನ್ನಬೇಡಿ ಎನ್ನುವುದಿಲ್ಲ, ತಿನ್ನಿ, ಒಳ್ಳೆಯದೇ. ಆದರೆ ಡಬ್ಬಿಯಲ್ಲಿ ಹುರಳಿಕಾಳು, ಎಳ್ಳು, ಅಲಸಂದೆ ಹಾಗೇ ಕುಳಿತಿರುತ್ತವೆ, ಹಿತ್ತಲಲ್ಲಿ ನುಗ್ಗೆಮರ ನಿಂತಿರುತ್ತದೆ. ಅವುಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲವಲ್ಲ, ಅದಕ್ಕೇ ನನಗೆ ಮೈ ಉರಿಯುವುದು.

ಇದು ಇಲ್ಲದವರ ಮನೆಯ ಕಾಯಿಲೆ ಎಂದು ಮೂಗು ಮುರಿಯುವವರೂ ಇದ್ದಾರೆ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ನಮ್ಮ ಕರ್ನಾಟಕದಲ್ಲಿ ಹೆಚ್ಚುಕಡಿಮೆ 48. ಅದರ ಹಿಂದಿನ ಸಮೀಕ್ಷೆಯಲ್ಲಿ ನಮ್ಮದು 45ರ ಆಸುಪಾಸಿನಲ್ಲಿತ್ತು, ಇಳಿಯುವ ಬದಲು ಏರಿತ್ತು. ಅರ್ಧದಷ್ಟು ಹೆಂಗಸರೂ ಊಟಕ್ಕಿಲ್ಲದವರೇ? ಮಿಕ್ಸಿ, ಫ್ರಿಜ್, ಓವನ್ ಎಲ್ಲವೂ ಇರುವ ಮನೆಯ ಸೊಸೆಯೇ ಎರಡು ಮಹಡಿ ಹತ್ತುವಷ್ಟರಲ್ಲಿ ಕಂಬಿ ಹಿಡಿದು ನಿಲ್ಲುತ್ತಾಳೆ. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿಕೊಳ್ಳಿ, ಒಳಗೆ ಬಿಳಿಚಿಕೊಂಡಿದ್ದರೆ ನಾಳೆ ನಾಡಿದ್ದು ಎನ್ನದೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12 ಇರಬೇಕು, ಬಸುರಿಯಾದರೆ 11.

ಇನ್ನೊಂದು ಗುರುತಿದೆ. ಅಕ್ಕಿ ಆರಿಸುತ್ತಾ ಕುಳಿತ ಹುಡುಗಿ ಹಿಡಿ ಹಿಡಿ ಹಸಿ ಅಕ್ಕಿಯನ್ನೇ ಮುಕ್ಕುತ್ತಾಳೆ, ಬಳಪ ಕಡಿಯುತ್ತಾಳೆ, ಮೊದಲ ಮಳೆಗೆ ಗೋಡೆಯ ಮಣ್ಣಿನ ವಾಸನೆ ಬಂದರೆ ಬಾಯಲ್ಲಿ ನೀರೂರುತ್ತದೆ. ನಮ್ಮ ಕಾಲದಲ್ಲಿ ದೊಡ್ಡವರು "ಹಸಿ ಅಕ್ಕಿ ತಿಂದರೆ ಮದುವೆಯ ದಿನ ಮಳೆ ಬರುತ್ತದೆ" ಎಂದು ಗದರಿಸಿ ಮೊರ ಕಿತ್ತುಕೊಳ್ಳುತ್ತಿದ್ದರು. ಪಾಪ, ಅವಳ ಮೈಯಲ್ಲಿ ಕಬ್ಬಿಣ ಬತ್ತಿರಬಹುದು ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಈಗ ಗೊತ್ತಾಗಿದೆಯಲ್ಲ, ಈಗಲೂ ಬರಿದೇ ಬೈದು ಸುಮ್ಮನಾದರೆ ತಪ್ಪು ಬೈದವರದ್ದೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2020ರಲ್ಲಿ ಕೊಟ್ಟ ಲೆಕ್ಕ ನೋಡಿ. ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕು, ಹೆಂಗಸಿಗೆ 29. ತಿಂಗಳು ತಿಂಗಳು ಹೋಗುವ ರಕ್ತವನ್ನು ತುಂಬಿಕೊಳ್ಳಬೇಕಲ್ಲ. ಹೆಚ್ಚು ಬೇಕಾದವಳು ಕಡೆಗೆ ಉಣ್ಣುತ್ತಾಳೆ! ಸಾರಿನ ತಳದ ಕಾಳೆಲ್ಲ ಮೊದಲ ಪಂಕ್ತಿಯಲ್ಲೇ ಖಾಲಿ. ಬಾಡೂಟದ ಮನೆಯಲ್ಲಿ ಈಲಿಯ, ಅಂದರೆ ಲಿವರಿನ, ತುಂಡು ಗಂಡಸರ ತಟ್ಟೆಗೆ, ಇವಳಿಗೆ ಮೂಳೆ ಮತ್ತು ತಿಳಿಸಾರು. ನಾನು ಯಾರ ಮನೆಗೆ ಹೋದರೂ ಸೊಸೆಯರಿಗೆ ಹೇಳುವುದಿಷ್ಟೇ: ಎಲ್ಲರಿಗೂ ಬಡಿಸುವ ಮೊದಲು ನಿನ್ನ ಪಾಲಿನ ಪಲ್ಯ, ಕಾಳು, ಮೊಟ್ಟೆ ಒಂದು ಬಟ್ಟಲಿಗೆ ತೆಗೆದು ಮುಚ್ಚಿಡು. ಯಾರಾದರೂ ಏನಾದರೂ ಅಂದರೆ ನನ್ನ ಹೆಸರು ಹೇಳು.

ಇನ್ನು ಕಾಫಿ. ಇಡ್ಲಿ ತಿಂದು ಕೈ ತೊಳೆಯುವುದಕ್ಕಿಲ್ಲ, ಲೋಟ ಎದುರಿಗೆ ಬಂದಿರುತ್ತದೆ. ಊಟದ ಜೊತೆ, ಊಟದ ಬೆನ್ನಿಗೆ ಕುಡಿಯುವ ಕಾಫಿ, ಚಹಾ ತಿಂದದ್ದರಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಾನು ಕಾಫಿ ಬಿಡುವವಳಲ್ಲ, ಬಿಡಿ ಎಂದೂ ಹೇಳುವುದಿಲ್ಲ. ಊಟಕ್ಕೂ ಅದಕ್ಕೂ ಒಂದು ಗಂಟೆ ಅಂತರವಿಡಿ.

ಈಗ ಬಾಂಡಲೆಯ ವಿಷಯಕ್ಕೆ ಬರುತ್ತೇನೆ. ಈ ಒಂದನ್ನು ಮಾತ್ರ ನಾನು ಹೇಳಿದ ಹಾಗೆಯೇ ಮಾಡಬೇಕು, ಅರ್ಧಂಬರ್ಧ ಮಾಡಿ ಬಂದು ಸರಿಯಾಗಲಿಲ್ಲ ಎನ್ನಬಾರದು. ನಮ್ಮ ಅತ್ತೆಯ ಅಡುಗೆಮನೆಯಲ್ಲಿ ಸೊಪ್ಪಿನ ಪಲ್ಯಕ್ಕೆ, ಗೊಜ್ಜಿಗೆ ಕಬ್ಬಿಣದ ಬಾಂಡಲೆ ಬಿಟ್ಟರೆ ಬೇರೆ ಪಾತ್ರೆ ಏರುತ್ತಿರಲಿಲ್ಲ. ಆಮೇಲೆ ಅಲ್ಯೂಮಿನಿಯಂ ಬಂತು, ಅಂಟದ ಬಾಣಲೆ ಬಂತು, ಕಬ್ಬಿಣದ್ದು ಅಟ್ಟ ಸೇರಿತು. ಹುಳಿ ಹಾಕಿ, ಸ್ವಲ್ಪ ನೀರಿನಂಶದಲ್ಲಿ, ನಿಧಾನವಾಗಿ ಬೇಯಿಸಿದರೆ ಬಾಂಡಲೆಯ ಕಬ್ಬಿಣವೇ ಅಡುಗೆಗೆ ಇಳಿಯುತ್ತದೆ. ಇದು ಅಜ್ಜಿಯ ಕಟ್ಟುಕತೆಯಲ್ಲ, ಅಳೆದು ನೋಡಿದವರೂ ಒಪ್ಪಿದ್ದಾರೆ.

ಸಂತೆಯಲ್ಲಿ ಕಬ್ಬಿಣದ ಸಾಮಾನು ಹರವಿಕೊಂಡು ಕೂರುವವರ ಹತ್ತಿರವೇ ಕೊಳ್ಳಿ. ಕೈಗೆ ಭಾರ ಅನ್ನಿಸಬೇಕು, ಒಳಮೈ ಮೇಲೆ ಬಣ್ಣವಾಗಲಿ ಹೊಳಪಾಗಲಿ ಇರಬಾರದು. ಹೊಸದಕ್ಕೆ ಯಂತ್ರದ ಎಣ್ಣೆ ಮೆತ್ತಿರುತ್ತದೆ. ಒಲೆಬೂದಿ, ತೆಂಗಿನ ನಾರು ಹಾಕಿ ಗರಗರ ಉಜ್ಜಿ. ಬೂದಿ ಎಲ್ಲಿದೆ ಎಂದು ಕೇಳಬೇಡಿ, ಮೊದಲ ಸಲಕ್ಕೆ ಮಾತ್ರ ಸೋಪು ಹಾಕಿಕೊಳ್ಳಿ. ಆಮೇಲೆ ಅನ್ನ ಬಸಿದ ಗಂಜಿಯನ್ನು ಬಾಂಡಲೆಯ ಅಂಚಿನವರೆಗೆ ತುಂಬಿ ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ನೋಡಿದರೆ ಗಂಜಿ ಕರಿ ನೀಲಿಗೆ ತಿರುಗಿರುತ್ತದೆ. ಚೆಲ್ಲಿ, ತೊಳೆದು, ಮತ್ತೆ ತುಂಬಿ. ಗಂಜಿ ತನ್ನ ಬಣ್ಣದಲ್ಲೇ ಉಳಿಯುವವರೆಗೆ ಇದು ನಡೆಯಲಿ. ನಂತರ ಒಲೆಯ ಮೇಲಿಟ್ಟು ತೇವವೆಲ್ಲ ಆರಿಸಿ, ಎಳ್ಳೆಣ್ಣೆ ಸವರಿ, ಒಂದು ಹಿಡಿ ಈರುಳ್ಳಿ ಸಿಪ್ಪೆ ಹಾಕಿ ಕರಕಲಾಗುವವರೆಗೆ ಕೈಯಾಡಿಸಿ ಎಸೆಯಿರಿ. ಬೆರಳಿಗೆ ಎಣ್ಣೆ ಮುಟ್ಟಿಸಿ ಒಳಮೈ ಸವರಿ ನೋಡಿ, ಎಲ್ಲೂ ತರಿತರಿ ಅನ್ನಿಸಬಾರದು. ಅನ್ನಿಸಿದರೆ ಇನ್ನೊಮ್ಮೆ ಮಾಡಿ, ಸೋಮಾರಿತನ ಬೇಡ.

ಪಲ್ಯಕ್ಕೆ ದಂಟು, ಹರಿವೆ, ಹೊನಗೊನೆ, ನುಗ್ಗೆ ಯಾವುದಾದರೂ ಸರಿ, ಬೆರಕೆ ಸೊಪ್ಪಾದರೆ ಇನ್ನೂ ರುಚಿ. ಮೊದಲು ತೊಳೆಯಿರಿ, ಆಮೇಲೆ ಹೆಚ್ಚಿ. ಹೆಚ್ಚಿ ತೊಳೆದು ಸತ್ವವನ್ನೆಲ್ಲ ಮೋರಿಗೆ ಕಳಿಸುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಬಸ್ಸಾರಿಗೆ ಬೇಯಿಸಿದ ನೀರನ್ನು ನಮ್ಮ ಹಿರಿಯರು ಚೆಲ್ಲದೆ ಸಾರು ಮಾಡಿದ್ದು ಸುಮ್ಮನಲ್ಲ. ಒಗ್ಗರಣೆಗೆ ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಕೈಗೆ ಬಂದಷ್ಟು. ಬೆಳ್ಳುಳ್ಳಿ ಕೆಂಪಗಾಗುತ್ತಿದ್ದಂತೆ ಎರಡು ಟೊಮೆಟೊ ಹೆಚ್ಚಿ ಹಾಕಿ ಅಥವಾ ಹುಣಸೆರಸ ಬಿಡಿ. (ರಸ ಹಿಂಡಿದ ಹುಣಸೆಯ ಗಸಿಯನ್ನು ಎಸೆಯುತ್ತೀರಲ್ಲ, ಬುದ್ಧಿ ಇದೆಯೇ? ಉಪ್ಪು ಸೇರಿಸಿ ಹಿತ್ತಾಳೆಯ ದೀಪ ತಿಕ್ಕಿ. ಅಂಗಡಿಯ ಪುಡಿಗೆ ದುಡ್ಡು ಸುರಿದು, ದೀಪದ ಸಂದಿಯಲ್ಲಿ ಬಿಳಿ ಬಿಳಿ ಉಳಿಸಿಕೊಂಡು ಹಬ್ಬ ಮಾಡುವುದು ಯಾವ ಚೆಂದ?) ಹುಳಿ ಕುದಿ ಬಂದ ಮೇಲೆ ಸೊಪ್ಪು ಹಾಕಿ, ಉಪ್ಪು ಉದುರಿಸಿ, ಸಣ್ಣ ಉರಿಯಲ್ಲಿ ಓರೆಯಾಗಿ ಮುಚ್ಚಿಡಿ. ಬೇಯಿಸಿಟ್ಟ ಹುರಳಿಯನ್ನೋ ಅಲಸಂದೆಯನ್ನೋ ಈ ಹೊತ್ತಿಗೆ ಸೇರಿಸಿ. ಮೊಳಕೆ ಬಂದ ಕಾಳಾದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ಎಲ್ಲರೂ ಎಡವುವುದು ಕೊನೆಯಲ್ಲಿ. ಬೆಂದ ಕೂಡಲೇ ಪಲ್ಯವನ್ನು ಸ್ಟೀಲ್ ಪಾತ್ರೆಗೆ ತೆಗೆಯಬೇಕು. ಟಿವಿ ನೋಡಿಕೊಂಡು ಬರುತ್ತೇನೆ ಎಂದು ಬಾಂಡಲೆಯಲ್ಲೇ ಬಿಟ್ಟರೆ ಕಪ್ಪಾಗುತ್ತದೆ, ನಾಲಿಗೆಗೆ ಕಿಲುಬು ಹತ್ತಿದ ಹಾಗೆ ಆಗುತ್ತದೆ, ಮನೆಯವರು ಇನ್ನೊಮ್ಮೆ ಮುಟ್ಟುವುದಿಲ್ಲ. ಸ್ವಲ್ಪ ಬಣ್ಣ ಮಂಕಾದರೆ ಏನೂ ಆಗುವುದಿಲ್ಲ, ಅದಕ್ಕೆ ಮುಖ ಸಿಂಡರಿಸಬೇಡಿ. ನಿಂಬೆಹಣ್ಣು ಹಿಂಡುವುದು ಪಲ್ಯ ತೆಗೆದ ಮೇಲೆ, ಬಿಸಿ ಹಾರಿದ ಮೇಲೆ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಬೇಕಾದರೆ ವಿಟಮಿನ್ ಸಿ ಬೇಕು, ಒಲೆಯ ಮೇಲೆ ಹಿಂಡಿದರೆ ಅದು ಬಿಸಿಗೆ ಕೆಡುತ್ತದೆ. ನಿಂಬೆ ಇಲ್ಲದಿದ್ದರೆ ನೆಲ್ಲಿಕಾಯಿ ತುರಿದು ಕಲಸಿ, ಇಲ್ಲವೇ ಊಟವಾದ ಮೇಲೆ ಒಂದು ಸೀಬೆಹಣ್ಣು ತಿನ್ನಿ. ಬಾಂಡಲೆಯನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಒಲೆಯ ಮೇಲೆ ಒಂದು ಕ್ಷಣ ಕಾಯಿಸಿ, ಎಣ್ಣೆ ಸವರಿ ಇಡಿ. ಸಿಂಕಿನಲ್ಲಿ ನೀರು ತುಂಬಿಸಿ ಬಿಟ್ಟು, ತುಕ್ಕು ಹಿಡಿಯಿತು ಎಂದು ಗುಜರಿಗೆ ಹಾಕಿದವಳ ಜೊತೆ ನಾನು ವಾರಗಟ್ಟಲೆ ಮಾತು ಬಿಟ್ಟಿದ್ದೆ. ತುಕ್ಕು ಬಂದರೆ ಉಜ್ಜಿ ತೆಗೆಯಬೇಕು, ಅಷ್ಟೇ.

ಬಾಂಡಲೆ ಇದೆ ಎಂದು ಮಾತ್ರೆ ಬಿಡಬೇಡಿ. ಅಂಗನವಾಡಿಯಲ್ಲಿ, ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ, ಜೊತೆಗೆ ಫೋಲಿಕ್ ಆಮ್ಲ. 180 ದಿನ ನುಂಗಬೇಕು. ಹೊಟ್ಟೆ ತೊಳಸುತ್ತದೆ ಎಂದು ತಲೆದಿಂಬಿನ ಕೆಳಗೆ ಅಡಗಿಸುವವರನ್ನು ಕಂಡಿದ್ದೇನೆ. ರಾತ್ರಿ ಊಟವಾದ ಮೇಲೆ ನುಂಗಿ ಮಲಗಿದರೆ ಅಷ್ಟು ತೊಂದರೆಯಾಗುವುದಿಲ್ಲ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹಾಲಿನ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಯಂತೂ ಬೇಡವೇ ಬೇಡ, ಒಂದು ಬೆಳಗ್ಗೆ ಆದರೆ ಇನ್ನೊಂದು ರಾತ್ರಿ. ಮುಟ್ಟಿನಲ್ಲಿ ಅತಿಯಾಗಿ ಹೋಗುತ್ತಿದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ, ಸೋರುವುದನ್ನು ನಿಲ್ಲಿಸದೆ ತುಂಬುತ್ತಾ ಕುಳಿತರೆ ಪ್ರಯೋಜನವಿಲ್ಲ. ಗದ್ದೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಸೇರಿ ರಕ್ತ ಹೀರುತ್ತಿರಬಹುದು, ಹುಳುವಿನ ಮಾತ್ರೆಯ ಬಗ್ಗೆಯೂ ಕೇಳಿ. ಬಸುರಿಯ ಹಿಮೋಗ್ಲೋಬಿನ್ 7ಕ್ಕಿಂತ ಇಳಿದಿದ್ದರೆ ಸೊಪ್ಪು, ಬಾಂಡಲೆ, ಮಾತ್ರೆ ಎಂದು ಮನೆಯಲ್ಲಿ ಕೂರುವ ಹೊತ್ತಲ್ಲ, ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಹಿಮೋಗ್ಲೋಬಿನ್ ಸರಿಯಾಯಿತೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಮೈಯೊಳಗಿನ ಕಬ್ಬಿಣದ ದಾಸ್ತಾನು ತುಂಬಲು ಇನ್ನೂ ಸುಮಾರು ಮೂರು ತಿಂಗಳು ಬೇಕು, ನಿಲ್ಲಿಸಿ ಎಂದು ಡಾಕ್ಟರೇ ಹೇಳಲಿ. ಇನ್ನು ಆ ಮಾತ್ರೆಗಳನ್ನು ಕಿಟಕಿಯ ಮೇಲೆ, ಟಿವಿಯ ಪಕ್ಕ ಎಲ್ಲೆಂದರಲ್ಲಿ ಬಿಸಾಡಬೇಡಿ. ಕೆಂಪಗೆ, ಮೇಲೆ ಸಕ್ಕರೆಯ ಲೇಪವಿರುವ ಅವನ್ನು ಚಿಕ್ಕ ಮಕ್ಕಳು ಪೆಪ್ಪರ್‌ಮೆಂಟ್ ಎಂದು ಚೀಪಿಬಿಡುತ್ತಾರೆ. ನಿಮಗೆ ಒಂದು ಔಷಧ, ಎಳೆಯ ಮಗುವಿಗೆ ಹತ್ತು ವಿಷ. ಚಿಲಕವಿರುವ ಕಪಾಟಿನ ಮೇಲಿನ ಅರೆಯಲ್ಲಿ ಇಡಿ.