ತಾರಸಿ ಮೇಲೆ ಕಣ್ಣಿನ ಪರೀಕ್ಷೆ, ಫೋನಿನಲ್ಲಿ ಕೇಸ್: ಲಾಕ್‌ಡೌನ್‌ನಲ್ಲಿ ಎಂಬಿಬಿಎಸ್ ಓದಿದ ನನ್ನ ಅನುಭವ

2020ರ ಮಾರ್ಚ್‌ನಲ್ಲಿ ನಾವು ಆಗಷ್ಟೇ ಸೆಕೆಂಡ್ ಇಯರ್ ಮುಗಿಸಿ ಮುಂದಿನ ಹಂತಕ್ಕೆ ಬಂದಿದ್ದೆವು. ಕಣ್ಣು, ಇಎನ್‌ಟಿ (ಕಿವಿ, ಮೂಗು, ಗಂಟಲು), ಕಮ್ಯುನಿಟಿ ಮೆಡಿಸಿನ್ (ಇಡೀ ಸಮುದಾಯದ ಆರೋಗ್ಯದ ವಿಷಯ). ಕರ್ನಾಟಕದಲ್ಲಿ ಮಾರ್ಚ್ 14ರಿಂದಲೇ ಎಲ್ಲ ಮುಚ್ಚತೊಡಗಿತ್ತು, 25ಕ್ಕೆ ದೇಶವೇ ಬಂದ್. ಹಾಸ್ಟೆಲ್‌ನವರು ಊರು ಸೇರಿಕೊಂಡರು, ನಾನು ಹನುಮಂತನಗರದ ಮನೆಯಲ್ಲಿ ಕೂತೆ.

ಥಿಯರಿ ಕ್ಲಾಸಿನ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಗೂಗಲ್ ಮೀಟ್, ಸ್ಲೈಡು, ಕೊನೆಗೆ ಹಾಜರಿ. ಅದನ್ನು ಹೇಗೋ ಓದಿಕೊಳ್ಳಬಹುದು. ನನ್ನನ್ನು ಕಾಡಿದ್ದು ಪೋಸ್ಟಿಂಗ್, ಅಂದರೆ ವಾರ್ಡಿನಲ್ಲಿ ರೋಗಿಗಳ ಹತ್ತಿರ ಕಲಿಯೋದು. ಒಬ್ಬ ರೋಗಿಯನ್ನೂ ಮುಟ್ಟದೆ ಡಾಕ್ಟರ್ ಆಗೋಕೆ ಆಗುತ್ತಾ? ಸ್ಲೈಡಿನಲ್ಲಿ ಸಾವಿರ ಕಣ್ಣು ನೋಡಿದರೂ ಎದುರಿಗೆ ಕೂತವರ ರೆಪ್ಪೆ ಎತ್ತಿ ಹಿಡಿಯೋಕೆ ಕೈ ಕಲಿಯೋದಿಲ್ಲ.

ಹಾಗಾಗಿ ಮನೆಯವರನ್ನೇ ಹಿಡಿದುಕೊಂಡೆ. ದೃಷ್ಟಿ ಅಳೆಯೋಕೆ ಸಾಲು ಸಾಲು ಅಕ್ಷರ ಇರುವ ಸ್ನೆಲೆನ್ ಚಾರ್ಟ್ ನಾನೇ ಬರೆದೆ. ಅದರ ಲೆಕ್ಕ ಸುಲಭ: 6 ಮೀಟರ್ ದೂರದಿಂದ ನೋಡಿದಾಗ 6/6 ಸಾಲಿನ (ಸರಿಯಾದ ದೃಷ್ಟಿಯ ಸಾಲು) ಅಕ್ಷರ ಕಣ್ಣಿಗೆ 5 ನಿಮಿಷದ ಕೋನ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಒಂದು ನಿಮಿಷ) ಆಗಬೇಕು, ಅಂದರೆ ಅಕ್ಷರದ ಎತ್ತರ ಸುಮಾರು 8.7 ಮಿಲಿಮೀಟರ್. 6/60ರದ್ದು ಅದರ ಹತ್ತರಷ್ಟು, 87. ಅಜ್ಜಿಗೆ ಇಂಗ್ಲಿಷ್ ಓದೋಕೆ ಬರಲ್ಲ, ಅದಕ್ಕೆ ಬರೀ ಇಂಗ್ಲಿಷಿನ E ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಬರೆದು, ಬಾಯಿ ಯಾವ ಕಡೆ ಇದೆ ಅಂತ ಕೈಯಲ್ಲಿ ತೋರಿಸಿ ಅಂದೆ. ನಮ್ಮ ಹಾಲ್ 6 ಮೀಟರ್ ಇಲ್ಲ. ತಾರಸಿಗೆ ಹೋಗಿ ಟೇಪ್ ಹಿಡಿದು ಅಳೆದು, ನೀರಿನ ಟ್ಯಾಂಕಿಗೆ ಚಾರ್ಟ್ ಅಂಟಿಸಿದೆ. ಅಜ್ಜಿ ಬಲಗಣ್ಣಿನಲ್ಲಿ 6/24ರ ಸಾಲಿಗೆ ನಿಂತರು, ಅಂದರೆ ಸರಿಯಾದ ಕಣ್ಣು 24 ಮೀಟರಿನಿಂದ ಓದುವುದನ್ನು ಅವರು 6 ಮೀಟರಿನಿಂದ ಓದಿದರು. ಹಳೇ ಲಗ್ನಪತ್ರಿಕೆಗೆ ದಬ್ಬಳದಿಂದ ಒಂದು ಮಿಲಿಮೀಟರಿನ ತೂತು ಮಾಡಿ ಅದರಿಂದ ನೋಡಿಸಿದೆ. 6/12ರ ಸಾಲು ಕಂಡಿತು! ಪಿನ್‌ಹೋಲ್‌ನಲ್ಲಿ ದೃಷ್ಟಿ ಸುಧಾರಿಸಿದರೆ ಬಹುಪಾಲು ಕನ್ನಡಕದ ನಂಬರಿನ ತೊಂದರೆ, ಸುಧಾರಿಸದಿದ್ದರೆ ಪೊರೆಯೋ ರೆಟಿನಾನೋ ಬೇರೆ ಏನೋ ಹುಡುಕಬೇಕು. ಈ ಮಾತು ನನಗೆ ಪುಸ್ತಕದಿಂದಲ್ಲ, ಅಜ್ಜಿಯ ಮುಖ ಅರಳಿದ್ದನ್ನು ನೋಡಿ ತಲೆಗೆ ಇಳಿಯಿತು.

ಪಾಪೆ ಪರೀಕ್ಷೆಗೆ ಮೊಬೈಲ್ ಟಾರ್ಚ್ ಸಾಕಾಗಿತ್ತು. 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಮೊದಲೇ ಕೊಂಡಿದ್ದೆ, ರಿನ್ನೆ, ವೆಬರ್ ಅನ್ನೋ ಎರಡೂ ಕಿವಿ ಪರೀಕ್ಷೆಗಳನ್ನು ಅಪ್ಪನ ಮೇಲೆ ಮಾಡಿದ್ದೇ ಮಾಡಿದ್ದು.

ಇನ್ನು ಹಿಸ್ಟರಿ, ಅಂದರೆ ರೋಗಿಯನ್ನು ಕೇಳಿ ಕೇಳಿ ಕಾಯಿಲೆಯ ಕಥೆ ತಿಳಿಯೋದು. ಇದಕ್ಕೆ ನಮ್ಮ ಇಎನ್‌ಟಿ ಮೇಡಂ ಒಂದು ದಾರಿ ಹುಡುಕಿದರು, ಅವರಿಗೆ ನಾನು ಇವತ್ತಿಗೂ ಋಣಿ. ಕ್ಯಾಮೆರಾ ಆಫ್ ಮಾಡಿ ಅವರೇ ರೋಗಿ ಆಗುತ್ತಿದ್ದರು, ಅದೂ ಅಚ್ಚ ಹಳ್ಳಿ ಕನ್ನಡದಲ್ಲಿ. "ಕಿವಿ ಸೋರ್ತದೆ ಡಾಕ್ಟ್ರೇ" ಅಂತ ಹೇಳಿ ಸುಮ್ನಾಗೋರು. ಮುಂದಿನದು ನಾವೇ ಕೆದಕಬೇಕು. ಎಷ್ಟು ಸೋರುತ್ತೆ, ನೆಗಡಿ ಆದಾಗ ಜಾಸ್ತಿ ಆಗುತ್ತಾ, ವಾಸನೆ ಇದೆಯಾ, ತಲೆ ಸುತ್ತು ಬರುತ್ತಾ? ಧಾರಾಳವಾಗಿ ಲೋಳೆಯಂತೆ ಸೋರಿ ವಾಸನೆ ಇಲ್ಲದಿದ್ದರೆ ಸಾಮಾನ್ಯವಾಗಿ ಅಷ್ಟು ಅಪಾಯ ಇಲ್ಲದ ಬಗೆ. ಸ್ವಲ್ಪವೇ ಸೋರಿ ಕೆಟ್ಟ ವಾಸನೆ ಇದ್ದರೆ ಕೊಲೆಸ್ಟಿಯಟೋಮಾ (ಕಿವಿಯೊಳಗೆ ಚರ್ಮ ಸೇರಿಕೊಂಡು ಬೆಳೆಯುವ ಗಂಟು) ಇರಬಹುದು, ಅದು ಮೂಳೆ ತಿಂದು ಮಿದುಳಿನವರೆಗೂ ಹೋಗಬಹುದು. ಒಂದೇ ಒಂದು ಪ್ರಶ್ನೆಯಿಂದ ದಾರಿ ಬೇರೆ ಆಗುತ್ತೆ. ವಾರ್ಡಿನಲ್ಲಿ ರೋಗಿಯ ಮುಖ, ಕೈಯಲ್ಲಿರುವ ಚೀಟಿ ನೋಡಿ ಅರ್ಧ ಊಹಿಸಿಬಿಡುತ್ತೇವೆ. ಇಲ್ಲಿ ದನಿ ಬಿಟ್ಟರೆ ಬೇರೇನೂ ಇರಲಿಲ್ಲ. ಕನ್ನಡ ಬಾರದ ಗೆಳೆಯರಿಗೆ ನಾವು ರಾತ್ರಿ ಬೇರೆ ಕಾಲ್ ಮಾಡಿ ಇದನ್ನೇ ಅಭ್ಯಾಸ ಮಾಡಿಸುತ್ತಿದ್ದೆವು.

ಕಮ್ಯುನಿಟಿ ಮೆಡಿಸಿನ್ ಮಾತ್ರ ಮನೆ ಬಾಗಿಲಿಗೇ ಬಂದಿತ್ತು. ಆರೋಗ್ಯ ಇಲಾಖೆಯ ಆವತ್ತಿನ ಕೊರೊನಾ ಬುಲೆಟಿನ್‌ನಲ್ಲಿ ಯಾವ ರೋಗಿಗೆ ಯಾವ ರೋಗಿಯಿಂದ ಸೋಂಕು ಬಂತು ಅಂತ ನಂಬರ್ ಸಮೇತ ಇರುತ್ತಿತ್ತು. ನಂಜನಗೂಡಿನ ಔಷಧ ಕಾರ್ಖಾನೆಯ ಸೋಂಕಿನ ಸರಪಳಿಯನ್ನು ಕಾಗದದ ಮೇಲೆ ಗೀಟು ಎಳೆದು ಬಿಡಿಸಿಕೊಂಡೆ. ಪ್ರೈಮರಿ ಕಾಂಟ್ಯಾಕ್ಟ್, ಸೆಕೆಂಡರಿ ಕಾಂಟ್ಯಾಕ್ಟ್ ಅನ್ನೋದನ್ನು ಉರು ಹೊಡೆಯಬೇಕಾಗಲೇ ಇಲ್ಲ.

ಡಿಸೆಂಬರ್ 1ರಿಂದ ಕಾಲೇಜು ತೆರೆಯಿತು. ಕಿವಿಯೊಳಗೆ ನೋಡುವ ಓಟೋಸ್ಕೋಪ್ ಹಿಡಿದಾಗ ಗೊತ್ತಾಯಿತು, ಸ್ಲೈಡಿನ ಕಿವಿತಮಟೆಗೂ ಎದುರಿಗಿರುವ ಕಿವಿಗೂ ಎಷ್ಟು ಅಂತರ ಅಂತ. ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು, ಗುಗ್ಗೆ ಅಡ್ಡ ಬರುತ್ತೆ, ರೋಗಿ ಅಲುಗಾಡುತ್ತಾರೆ. ಇದಕ್ಕೆ ಮನೆಯಲ್ಲಿ ಪರ್ಯಾಯ ಇರಲಿಲ್ಲ. ಸಂಜೆ ಹೊತ್ತು ಹೆಚ್ಚುವರಿ ನಿಂತು ಕಲಿತೆವು.

2021ರ ಮೇ ತಿಂಗಳಲ್ಲಿ, ಎರಡನೇ ಅಲೆ ಬೆಂಗಳೂರನ್ನು ಹಿಂಡುತ್ತಿದ್ದಾಗ, ಫೈನಲ್ ಇಯರ್‌ನವರನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಫೋನ್ ಸಲಹೆಗೆ ಬಳಸಿಕೊಳ್ಳಬಹುದು ಅಂತ ಕೇಂದ್ರ ಹೇಳಿತು. ನಾನು ಹೋದೆ. ಹೋಮ್ ಐಸೊಲೇಶನ್‌ನಲ್ಲಿ ಇರೋರಿಗೆ ಕಾಲ್ ಮಾಡಬೇಕು, ಜ್ವರ, ಆಕ್ಸಿಜನ್ ಕೇಳಬೇಕು. ಒಬ್ಬರು ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) 96 ಅಂದರು, ಆರಾಮಾಗಿದೀನಿ ಅಂತಲೂ ಅಂದರು. ಆದರೆ ಆ ಒಂದು ವಾಕ್ಯ ಮುಗಿಸೋಕೆ ನಡುವೆ ಎರಡು ಕಡೆ ಉಸಿರು ಎಳೆದುಕೊಂಡರು. ಫೋನ್ ಇಡಬೇಡಿ, ರೂಮಿನೊಳಗೇ ಆರು ನಿಮಿಷ ನಡೆದು ಮತ್ತೆ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿ, ತಲೆ ಸುತ್ತಿದರೆ ಅಲ್ಲೇ ಕೂತುಬಿಡಿ ಅಂದೆ. ಪೂರ್ತಿ ನಡೆಯೋಕೆ ಆಗಲಿಲ್ಲ, 90ಕ್ಕೆ ಇಳಿದಿತ್ತು. ತಕ್ಷಣ ಮೇಲಿನ ಡಾಕ್ಟರಿಗೆ ಕೊಟ್ಟೆ, ಆ ಸಂಜೆಯೇ ಅಡ್ಮಿಟ್ ಆದರು.

ಜೂನಿಯರ್‌ಗಳು ಕೇಳಿದರೆ ಇಷ್ಟು ಹೇಳುತ್ತೇನೆ. ಆನ್‌ಲೈನ್ ಕ್ಲಾಸ್ ಇರಲಿ ಬಿಡಲಿ, ಕ್ಯಾಮೆರಾ ಆಫ್ ಮಾಡಿ ಗೆಳೆಯರ ಹತ್ತಿರ ಕನ್ನಡದಲ್ಲೇ ಹಿಸ್ಟರಿ ಕೇಳಿ. ಉತ್ತರದ ಜೊತೆ ಉಸಿರನ್ನೂ ಕೇಳಿಸಿಕೊಳ್ಳಿ. ಮುಟ್ಟಿ ಕಲಿಯೋದನ್ನು ಮಾತ್ರ ವಾರ್ಡಿಗೆ ಹೋಗಿಯೇ ಕಲಿಯಿರಿ, ಸಂಜೆ ಎಷ್ಟು ಹೊತ್ತಾದರೂ ಸರಿ.