ಬೀಗರೂಟಕ್ಕೆ ವೈನ್ ಬಡಿಸಿದ ಕಥೆ: ನನ್ನ ಅನುಭವ

ಹೋದ ಫೆಬ್ರವರಿಯಲ್ಲಿ ಮದ್ದೂರಿನ ಹತ್ತಿರ ಒಂದು ತೋಟದ ಮನೆಯಲ್ಲಿ ಬೀಗರೂಟ. ಸುಮಾರು ನೂರೆಂಬತ್ತು ಜನ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕೈಮಾ ಉಂಡೆ, ಆಮೇಲೆ ಬಿರಿಯಾನಿ. ಅಲ್ಲಿ ನಾನು ಮೂವತ್ತು ಬಾಟ್ಲಿ ವೈನ್ ಇಟ್ಟಿದ್ದೆ. ಊಟ ಮುಗಿದಾಗ ಉಳಿದದ್ದು ಎರಡು. ಅದರಲ್ಲಿ ಒಂದನ್ನು ಹುಡುಗಿಯ ಸೋದರಮಾವ ಹೇಳದೆ ಕೇಳದೆ ಕಾರಿನಲ್ಲಿ ಇಟ್ಟುಕೊಂಡು ಹೋದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಇದನ್ನು ಬರೆಯೋಕೆ ಕಾರಣ ಇದೆ. ಮೂರು ವರ್ಷದಿಂದ ನನ್ನನ್ನು ನೋಡಿ ನಕ್ಕವರು ತುಂಬಾ ಜನ. ನಾನು ಹನ್ನೊಂದು ವರ್ಷ ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ವೈನ್ ಬಡಿಸಿದವನು. ಕೆಲಸ ಬಿಟ್ಟು, ಮನೆ ಊಟಕ್ಕೂ ಸಮಾರಂಭಕ್ಕೂ ವೈನ್ ಆರಿಸಿಕೊಡುತ್ತೇನೆ ಅಂತ ಹೊರಟಾಗ ಅಲ್ಲಿನ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: "ಮುದ್ದೆ ಸಾರಿಗೆ ವೈನಾ? ಬಿಡಪ್ಪಾ, ಅವರಿಗೆ ವಿಸ್ಕಿ ಕೊಡು, ಸಾಕು." ನನ್ನ ಭಾವ ಇನ್ನೂ ಒಂದು ಹೆಜ್ಜೆ ಮುಂದೆ. "ನಮ್ಮಲ್ಲಿ ವೈನ್ ಸ್ಟೋರ್ ಅಂತ ಬೋರ್ಡ್ ಇರುತ್ತೆ, ಒಳಗೆ ವೈನ್ ಬಿಟ್ಟು ಎಲ್ಲಾ ಇರುತ್ತೆ. ಅಷ್ಟೇ ಕಣೋ ಇದರ ಮಾರ್ಕೆಟ್ಟು" ಅಂದ. ಮಾತು ಪೂರ್ತಿ ಸುಳ್ಳೇನಲ್ಲ.

ಮೊದಲ ಒಂದು ವರ್ಷ ನಾನೂ ಹೋಟೆಲಿನಲ್ಲಿ ಕಲಿತದ್ದನ್ನೇ ಮಾಡಿದೆ. ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ. ಗೆಳೆಯನೊಬ್ಬನ ಮನೆಯ ನಾಟಿ ಕೋಳಿ ಸಾರಿಗೆ ನಾಲ್ಕೂವರೆ ಸಾವಿರದ, ಫ್ರಾನ್ಸಿನ ಬೋರ್ಡೋ ಕಡೆಯ ಕೆಂಪು ವೈನ್ ಒಯ್ದೆ. ಆಗ ಹೊರಗಿನ ವೈನಿಗೆ ಆಮದು ಸುಂಕವೇ ನೂರೈವತ್ತು ಪರ್ಸೆಂಟ್. ಅಂದರೆ ಆ ನಾಲ್ಕೂವರೆ ಸಾವಿರದಲ್ಲಿ ನಿಜವಾದ ವೈನಿನ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಒಂದು ತುತ್ತು, ಒಂದು ಗುಟುಕು. ಬಾಯೆಲ್ಲ ಉರಿ, ಒಗರು, ಕೊನೆಗೆ ಕಹಿ. ಗೆಳೆಯನ ತಾಯಿ ಲೋಟ ಪಕ್ಕಕ್ಕಿಟ್ಟು, "ಏನಪ್ಪಾ ಇದು, ನೇರಳೆ ಹಣ್ಣಿನ ಬೀಜ ಅಗಿದ ಹಾಗಿದೆ" ಅಂದರು. ಅಷ್ಟು ಸರಿಯಾದ ರುಚಿಯ ಮಾತನ್ನು ಹೋಟೆಲಿನಲ್ಲಿ ಇದ್ದಷ್ಟು ದಿನ ನಾನು ಕೇಳಿರಲಿಲ್ಲ.

ತಪ್ಪು ವೈನಿನದಲ್ಲ. ಒಗರು ಜಾಸ್ತಿ ಇರುವ, ಹದಿನಾಲ್ಕು ಪರ್ಸೆಂಟ್ ಆಲ್ಕೋಹಾಲಿನ ಕೆಂಪು ವೈನನ್ನು ಗುಂಟೂರು ಮೆಣಸಿನಕಾಯಿಯ ಮೇಲೆ ಸುರಿದರೆ ಆಗುವುದೇ ಹಾಗೆ. ಖಾರ ಆಲ್ಕೋಹಾಲಿನ ಉರಿಯನ್ನು ಏರಿಸುತ್ತದೆ, ಒಗರು ಖಾರವನ್ನು ಗೀರುತ್ತದೆ. ಕೋಳಿಯೋ ಕುರಿಯೋ ಅನ್ನೋದು ಅಲ್ಲಿ ಲೆಕ್ಕಕ್ಕೇ ಬರಲ್ಲ. ನಮ್ಮ ಊಟದಲ್ಲಿ ಮಾತಾಡೋದು ಮಾಂಸ ಅಲ್ಲ, ಸಾರು. ಅದರ ಹುಳಿ, ಖಾರ, ಕಾಯಿ. ಇದು ತಲೆಗೆ ಹೋಗೋಕೆ ನನಗೆ ಒಂದು ವರ್ಷ ಮತ್ತು ನಲವತ್ತು ಸಾವಿರದ ಹತ್ತಿರ ದುಡ್ಡು ಬೇಕಾಯಿತು.

ಅಲ್ಲಿಂದ ರುಚಿ ನೋಡುವ ಕ್ರಮ ಬದಲಾಯಿಸಿದೆ. ಲೋಟ ತಿರುಗಿಸಿ, ಮೂಸಿ, ಉಗಿಯುವುದೆಲ್ಲ ಅಂಗಡಿಯಲ್ಲಿ ಬಾಟ್ಲಿ ಕೆಟ್ಟಿದೆಯಾ ಅಂತ ನೋಡೋಕೆ ಸಾಕು. ಊಟಕ್ಕೆ ಹೊಂದುತ್ತಾ ಅಂತ ನೋಡೋಕೆ ನನ್ನದು ತುತ್ತು, ಗುಟುಕು, ತುತ್ತು. ಮೊದಲ ತುತ್ತು ಲೆಕ್ಕಕ್ಕಿಲ್ಲ. ಗುಟುಕೂ ಲೆಕ್ಕಕ್ಕಿಲ್ಲ. ಎರಡನೇ ತುತ್ತು ಮೊದಲಿಗಿಂತ ರುಚಿಯಾಗಿದ್ದರೆ ಪಾಸ್. ಅದೂ ತಟ್ಟೆಯಲ್ಲಿ ಅತಿ ಹುಳಿ ಅಥವಾ ಅತಿ ಖಾರ ಯಾವುದೋ ಅದರ ಜೊತೆ ನೋಡಬೇಕು. ಅನ್ನದ ಜೊತೆ ಎಲ್ಲ ವೈನೂ ಪಾಸಾಗುತ್ತೆ, ಅದರಿಂದ ಏನೂ ಗೊತ್ತಾಗಲ್ಲ.

ಮುದ್ದೆಯಲ್ಲಿ ಮಾತ್ರ ಒಂದು ತೊಡಕು ಬಂತು. ಮುದ್ದೆ ಅಗಿಯಲ್ಲ, ನುಂಗುತ್ತೇವೆ. ಹಾಗಾಗಿ ಬಾಯಲ್ಲಿ ಉಳಿಯೋದು ಬರೀ ಸಾರು. ವೈನ್ ಸಾರಿನ ಜೊತೆ ನೇರ ಜಗಳಕ್ಕೆ ಬೀಳುತ್ತೆ. ಅದೇ ಸಾರು ಅನ್ನದಲ್ಲಿ ಪಾಸ್, ಮುದ್ದೆಯಲ್ಲಿ ಫೇಲ್. ಇದು ಗೊತ್ತಾದ ಮೇಲೆ ಮುದ್ದೆ ಊಟಕ್ಕೆ ಹನ್ನೆರಡು ಪರ್ಸೆಂಟಿಗಿಂತ ಜಾಸ್ತಿ ಆಲ್ಕೋಹಾಲ್ ಇರುವ ವೈನನ್ನು ನಾನು ಮುಟ್ಟಲ್ಲ.

ದುಡ್ಡು ಉಳಿಸಿದ್ದು ಕ್ವಾರ್ಟರ್ ಬಾಟ್ಲಿ. ಒಂದು ಬಾಟ್ಲಿ ತೆರೆದರೆ ಎರಡು ದಿನದಲ್ಲಿ ಸಪ್ಪೆ. ದಿನಕ್ಕೊಂದು ಸಾರಿಗೆ ರುಚಿ ನೋಡಬೇಕು ಅಂದರೆ ದಿನಕ್ಕೊಂದು ಬಾಟ್ಲಿ ಒಡೆಯೋಕೆ ನಾನೇನು ಜಮೀನ್ದಾರನಾ? ಖಾಲಿ ಕ್ವಾರ್ಟರ್ ಬಾಟ್ಲಿಗಳನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಹೊಸ ವೈನ್ ತೆರೆದ ಕೂಡಲೇ ಕಂಠಪೂರ್ತಿ ತುಂಬಿ ಮುಚ್ಚಳ ತಿರುಗಿಸುತ್ತೇನೆ. ನಾಲ್ಕು ಕ್ವಾರ್ಟರಿಗೆ 750 ಎಂಎಲ್ ಹೆಚ್ಚುಕಡಿಮೆ ಸರಿಹೋಗುತ್ತೆ. ಗಾಳಿಗೆ ಜಾಗ ಇಲ್ಲ, ಫ್ರಿಜ್ಜಿನಲ್ಲಿ ಒಂದು ವಾರ ಆರಾಮ. ಒಂದೇ ಎಡವಟ್ಟು: ಊರಿಂದ ಬಂದ ಅಮ್ಮ ಫ್ರಿಜ್ ತೆರೆದು ಹದಿನಾರು ಕ್ವಾರ್ಟರ್ ನೋಡಿದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ತಂಗಿಗೆ ಫೋನ್ ಮಾಡಿ, "ನಿಮ್ಮಣ್ಣ ಕೈತಪ್ಪಿ ಹೋದ" ಅಂದರಂತೆ. ಈಗ ಲೇಬಲ್ ಅಂಟಿಸಿ ಇಡುತ್ತೇನೆ: ಬಸ್ಸಾರು, ಎಣ್ಣೆಗಾಯಿ, ಪುಳಿಮುಂಚಿ.

ನನಗೆ ಹೆಮ್ಮೆ ಇರುವುದು ಅವರೆಕಾಳಿನ ವಿಷಯದಲ್ಲಿ. ಡಿಸೆಂಬರ್, ಜನವರಿಯ ಸೊಗಡು ಅವರೆ. ಹಿತಕಿದ ಬೇಳೆ ಸಾರಿಗೆ ಏನೇನೋ ಇಟ್ಟು ನೋಡಿದೆ. ಕೊನೆಗೆ ಸಾವಿನ್ಯೋ ಬ್ಲಾಂ ಅನ್ನೋ ದ್ರಾಕ್ಷಿಯ ಬಿಳಿ ವೈನ್ ಇಟ್ಟಾಗ ಕೂತಲ್ಲಿಂದ ಎದ್ದುಬಿಟ್ಟೆ. ಆ ದ್ರಾಕ್ಷಿಗೆ ಹಸಿರು ಹುಲ್ಲು, ಹಸಿ ಕ್ಯಾಪ್ಸಿಕಂ ತರಹದ ಒಂದು ವಾಸನೆ ಇದೆಯಲ್ಲ, ಅದೂ ಅವರೆಯ ಸೊಗಡೂ ಅಣ್ಣತಮ್ಮಂದಿರ ಹಾಗೆ. ಹೋಟೆಲಿನಲ್ಲಿ ಅದನ್ನು ಬರೀ ಸಲಾಡಿಗೆ, ಚೀಸಿಗೆ ಅಂತ ಬಡಿಸಿದ್ದೆವು! ಈಗ ಅವರೆ ಸೀಸನ್ ಬಂದರೆ ನನ್ನ ಗಿರಾಕಿಗಳೇ ಫೋನ್ ಮಾಡಿ ಕೇಳುತ್ತಾರೆ.

ಉಳಿದದ್ದು ಗಬಗಬ ಹೇಳಿಬಿಡುತ್ತೇನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿಗೆ ಸ್ವಲ್ಪ ಸಿಹಿ ಉಳಿಸಿದ ಶೆನಿನ್ ಬ್ಲಾಂ ಅನ್ನೋ ಬಿಳಿ ವೈನ್. ಶೇಂಗಾದ ಜಿಡ್ಡಿಗೆ ಅದರ ಹುಳಿ ಸರಿ, ಖಾರಕ್ಕೆ ಅದರ ಸಿಹಿ ಸರಿ. ಕೋರಿ ರೊಟ್ಟಿಗೆ, ಕಾಯಿ ಹಾಲು ಇರುವ ಯಾವುದಕ್ಕೂ ವಿಯೋನ್ಯೇ, ಅದೂ ಬಿಳಿಯೇ. ಬಿಸಿಬೇಳೆಬಾತಿಗೆ ತಣ್ಣಗಿನ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್, ತುಪ್ಪ ಧಾರಾಳವಾಗಿ ಇದ್ದರೆ ಮಾತ್ರ. ಬಂಗುಡೆಗೆ ಕೆಂಪು ಕೊಡಲೇಬೇಡಿ. ಕೆಂಪು ವೈನಿನಲ್ಲಿರುವ ಕಬ್ಬಿಣ ಮೀನಿನ ಎಣ್ಣೆಗೆ ಸೇರಿದರೆ ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಾಗುತ್ತೆ. ಮೊಸರನ್ನಕ್ಕೆ ಯಾವುದೂ ಬೇಡ. ಮೊಸರನ್ನಕ್ಕೆ ವೈನ್ ಹುಡುಕುವವನಿಗೆ ಬುದ್ಧಿ ನೆಟ್ಟಗಿಲ್ಲ.

ಈಗ ದೊಡ್ಡ ನಷ್ಟದ ಕಥೆ. ಎರಡು ವರ್ಷದ ಹಿಂದೆ ಒಂದು ನಿಶ್ಚಿತಾರ್ಥ, ಊರ ಹೊರಗಿನ ಒಂದು ಹಾಲ್. ಸಮಾರಂಭದಲ್ಲಿ ಮದ್ಯ ಬಡಿಸೋಕೆ ಬೇಕಾದ ಅಬಕಾರಿ ಇಲಾಖೆಯ ಸಿಎಲ್-5 ಲೈಸೆನ್ಸ್ ಎಲ್ಲ ಸರಿಯಾಗಿ ಮಾಡಿಸಿದ್ದೆ. ಮೂರು ಕೇಸ್ ಕೆಂಪು, ಒಳ್ಳೆಯದೇ. ಏಪ್ರಿಲ್ ತಿಂಗಳು. ಅಡುಗೆಯವರು ಜಾಗ ಇಲ್ಲ ಅಂತ ಕೇಸುಗಳನ್ನು ಒಲೆಯ ಹಿಂದಿನ ಗೋಡೆಗೆ ಒತ್ತಿ ಇಟ್ಟಿದ್ದಾರೆ. ನಾನು ನೋಡಿಕೊಳ್ಳಲಿಲ್ಲ, ತಪ್ಪು ನನ್ನದೂ ಇದೆ. ಲೋಟಕ್ಕೆ ಬಿದ್ದಾಗ ವೈನ್ ಮೂವತ್ತೈದು ಡಿಗ್ರಿ ಇದ್ದಿರಬೇಕು. ಬೆಂದ ಜಾಮಿನ ವಾಸನೆ. ಒಂದೊಂದು ಗುಟುಕು ಕುಡಿದು ಎಲ್ಲರೂ ಲೋಟವನ್ನು ಹೂಕುಂಡದ ಪಕ್ಕ ಇಟ್ಟರು. ಮನೆಯವರು ನನ್ನ ಬಾಕಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಇಪ್ಪತ್ತೆಂಟು ಸಾವಿರದ ಹತ್ತಿರ ಹೋಯಿತು. ಭಾವ ಒಂದು ತಿಂಗಳು ನಕ್ಕ.

ಕೆಂಪು ವೈನನ್ನು ರೂಮಿನ ಬಿಸಿಯಲ್ಲೇ ಕುಡೀಬೇಕು ಅನ್ನೋ ಮಾತು ಚಳಿ ದೇಶದ ಕಲ್ಲಿನ ಮನೆಗೆ ಹೇಳಿದ್ದು. ಹದಿನಾರು ಹದಿನೇಳು ಡಿಗ್ರಿ ಅದರ ಅರ್ಥ. ಮಂಡ್ಯದ ಬೇಸಿಗೆಯಲ್ಲಿ ಅಂಥ ರೂಮು ಎಲ್ಲಿಂದ ತರೋದು? ಈಗ ನನ್ನ ವ್ಯಾನಿನಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್, ಐದು ಕೇಜಿ ಕಲ್ಲುಪ್ಪು ಯಾವಾಗಲೂ ಇರುತ್ತೆ. ಅರ್ಧ ನೀರು, ಅರ್ಧ ಐಸ್, ಎರಡು ಹಿಡಿ ಉಪ್ಪು. ಬಿಳಿಗೆ ಇಪ್ಪತ್ತು ನಿಮಿಷ, ಕೆಂಪಿಗೆ ಹತ್ತು. ಬರೀ ಐಸಿನ ಮೇಲೆ ಬಾಟ್ಲಿ ಮಲಗಿಸಿದರೆ ಒಂದು ಗಂಟೆಯಾದರೂ ಒಂದು ಮಗ್ಗುಲು ಬಿಸಿ ಇರುತ್ತೆ, ಸುಮ್ನೆ ಐಸ್ ದಂಡ.

ಕೊಳ್ಳುವಾಗ ನಾನು ಮೊದಲು ನೋಡೋದು ಬೆಲೆ ಅಲ್ಲ, ಲೇಬಲ್ಲಿನ ಇಸವಿ, ಅಂದರೆ ದ್ರಾಕ್ಷಿ ಕೊಯ್ದ ವರ್ಷ. ನಮ್ಮ ಕಡೆ ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್ ತನಕ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಕಂಪನಿಯದಾಗಲಿ, ನಾಸಿಕ್ ಕಡೆಯದಾಗಲಿ, ಸಾವಿರದ ಆಸುಪಾಸಿನ ಬಿಳಿ ವೈನ್ ಎರಡು ವರ್ಷ ದಾಟಿದ್ದರೆ ಬೇಡ. ಅದು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎರಡು ಬೇಸಿಗೆ ನಿಂತಿರುತ್ತೆ. ಬಣ್ಣ ಹಳದಿಗೆ ತಿರುಗಿದ್ದರೆ, ಕಾರ್ಕ್ ಸ್ವಲ್ಪ ಮೇಲೆದ್ದಿದ್ದರೆ ವಾಪಸ್. ಕಾರ್ಕಿಗಿಂತ ತಿರುಗಿಸುವ ಮುಚ್ಚಳವೇ ನಮ್ಮ ಬಿಸಿಲಿಗೆ ವಾಸಿ. ಮುಚ್ಚಳ ನೋಡಿ ಮೂಗು ಮುರಿಯುವವರು ಇನ್ನೂ ಇದ್ದಾರೆ, ಅವರಿಗೆ ನಾನು ಅಡುಗೆಮನೆಯಲ್ಲೇ ತೆರೆದು ಜಗ್ಗಿನಲ್ಲಿ ತಂದು ಬಡಿಸುತ್ತೇನೆ. 2007ರಲ್ಲಿ ರಾಜ್ಯಕ್ಕೆ ವೈನ್ ನೀತಿ ಬಂದ ಮೇಲೆ ನಮ್ಮ ದ್ರಾಕ್ಷಿತೋಟದವರ ಬಾಟ್ಲಿ ಸಿಗೋದು ಸುಲಭವಾಗಿದೆ. ದಿನದ ಊಟಕ್ಕೆ ಆಮದು ಬಾಟ್ಲಿ ನಾನು ಈಗ ಹೇಳೋದೇ ಇಲ್ಲ.

ನಡುವೆ ಒಂದು ಹುಚ್ಚಾಟ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್ ಗೊತ್ತಲ್ಲ, ಅಗ್ಗದ್ದು, ಪೋರ್ಟ್ ಅಂತ ಮಾರೋದು. ನಮ್ಮ ವೃತ್ತಿಯವರು ಅದರ ಹೆಸರು ಹೇಳಿದರೆ ಮುಖ ಸಿಂಡರಿಸುತ್ತಾರೆ. ಆ ದ್ರಾಕ್ಷಿಯ ಸಿಪ್ಪೆಯ ಘಾಟು ವೈನಿನಲ್ಲೂ ಉಳಿಯುತ್ತೆ, ನಿಜ. ಒಂದು ಸಲ ಮದ್ದೂರು ವಡೆ ಕಟ್ಟಿಸಿಕೊಂಡು ಬಂದಿದ್ದೆ. ಫ್ರಿಜ್ಜಿನಲ್ಲಿ ಅದೊಂದೇ ಇತ್ತು, ಚೆನ್ನಾಗಿ ತಣ್ಣಗಾಗಿತ್ತು. ಈರುಳ್ಳಿಯ ಸಿಹಿ, ಕರಿದ ರವೆ, ಆ ಘಾಟು. ಮೂರು ವಡೆ ಹೋದದ್ದೇ ಗೊತ್ತಾಗಲಿಲ್ಲ. ಹೋಳಿಗೆಗೆ ಮಾತ್ರ ಅದು ಆಗಲ್ಲ. ಕಾಯಿ ಹೋಳಿಗೆಗೆ ತಡವಾಗಿ ಕೊಯ್ದ ಶೆನಿನ್‌ನ ಸಿಹಿ ವೈನ್ ಬೇಕು. ತಿಂಡಿ ವೈನಿಗಿಂತ ಸಿಹಿ ಆಗಬಾರದು, ಅಷ್ಟೇ ಅದರ ಗುಟ್ಟು. ಜಾಮೂನು ಇಟ್ಟರೆ ಯಾವ ವೈನೂ ನಿಂಬೆ ನೀರಾಗುತ್ತೆ.

ಬೀಗರೂಟಕ್ಕೆ ಬರೋಣ. ಹುಡುಗನ ತಂದೆಗೆ ನಾನು ಮೊದಲೇ ಹೇಳಿದ್ದೆ: "ಅಣ್ಣಾ, ಹಿಂದಿನ ವಾರ ಅಡುಗೆಯವರ ಹತ್ರ ಇದೇ ಮಸಾಲೆಯಲ್ಲಿ ಎರಡು ಕೇಜಿ ಮಟನ್ ಸಾರು ಮಾಡಿಸಿ ಕಳಿಸಿ." ಕಳಿಸಿದರು. ಕ್ವಾರ್ಟರ್‌ಗಳನ್ನು ಸಾಲಾಗಿ ಇಟ್ಟು ಒಂಬತ್ತು ವೈನ್ ನೋಡಿದೆ. ಪಾಸಾದದ್ದು ಮೂರು. ಮಟನ್ ಸಾರಿಗೆ ರೋಸೆ, ಕೈಮಾ ಉಂಡೆಗೆ ಶಿರಾಜ್ ಅನ್ನೋ ಕೆಂಪು, ತಣ್ಣಗಿನದು, ಹಗುರದ್ದು, ಹೆಂಗಸರ ಪಂಕ್ತಿಗೆ ಶೆನಿನ್. ಬೋಟಿಗೂ ಶೆನಿನ್ನೇ, ಅದನ್ನು ಯಾರೂ ನಂಬಲಿಲ್ಲ. ಮೂವತ್ತು ಬಾಟ್ಲಿಗೆ ಇಪ್ಪತ್ತೇಳು ಇಪ್ಪತ್ತೆಂಟು ಸಾವಿರ, ಐಸಿಗೆ ಒಂದು ಸಾವಿರ ಚಿಲ್ಲರೆ. ಬಾಟ್ಲಿಗೆ ಆರು ಲೋಟ ಅಂತ ಲೆಕ್ಕ. ಐವತ್ತು ಜನ ಕುಡಿದಾರು ಅಂದುಕೊಂಡಿದ್ದೆ, ಎಪ್ಪತ್ತು ದಾಟಿತು. ನಿಶ್ಚಿತಾರ್ಥದಲ್ಲಿ ಹೋದಷ್ಟೇ ದುಡ್ಡಿನ ವೈನ್ ಇಲ್ಲಿ ಹೆಸರು ತಂದಿತು ನೋಡಿ. ನನ್ನ ಕೂಲಿ ಎಷ್ಟು ಅಂತ ಹೇಳಲ್ಲ. ರೋಸೆಯನ್ನು ಡ್ರಮ್ಮಿಗೆ ಹಾಕುವ ಮುಂಚೆ ಅದಕ್ಕೆ ನಾನು ಮಾಡುವ ಒಂದು ಕೆಲಸ ಇದೆ, ಅದನ್ನೂ ಹೇಳಲ್ಲ. ಅದರಿಂದಲೇ ನನ್ನ ಮನೆ ನಡೀತಿರೋದು.

ಭಾವನೂ ಬಂದಿದ್ದ. ಮೊದಲ ಪಂಕ್ತಿಯಲ್ಲಿ ಕೂತು ಮೂರು ಲೋಟ ರೋಸೆ ಕುಡಿದು, "ಜ್ಯೂಸ್ ಚೆನ್ನಾಗಿದೆ ಕಣೋ" ಅಂದ. ಅವನ ಬಾಯಲ್ಲಿ ಅಷ್ಟು ಬಂದದ್ದೇ ದೊಡ್ಡದು.

ಸೋತಿರೋದು ಒಂದರಲ್ಲಿ: ಉಪ್ಸಾರು. ಸಾರು ಏನೋ ಪಾಪದ್ದು. ಅದರ ಜೊತೆ ಬರೋ ಖಾರ ಇದೆಯಲ್ಲ, ಬೆಳ್ಳುಳ್ಳಿ, ಮೆಣಸು, ಹಸಿಮೆಣಸಿನಕಾಯಿ, ಹುಣಸೆಹಣ್ಣು ಸೇರಿಸಿ ಅರೆದದ್ದು, ಅದು ಯಾವ ವೈನನ್ನೂ ನಿಲ್ಲಗೊಡಲ್ಲ. ಹನ್ನೊಂದು ಬಾಟ್ಲಿ ಆಯಿತು. ಮೊನ್ನೆ ಹನ್ನೆರಡನೆಯದನ್ನು ತೆರೆಯೋಕೆ ಹೊರಟಾಗ ಅಮ್ಮ ನನ್ನ ಮುಂದೆ ಒಂದು ಲೋಟ ಮಜ್ಜಿಗೆ ಇಟ್ಟು ಹೋದರು. ತುತ್ತು, ಗುಟುಕು, ತುತ್ತು. ಪಾಸ್.